ಕೆಡದ ರೊಟ್ಟಿಯ ಸೀಮೆಯಲ್ಲಿ

ದೊಡ್ಡ ಪಟ್ಟಣದ ಸೂಪರ್ ಮಾರ್ಕೆಟ್ಟಿನಲ್ಲಿ ಗಾಜಿನ ಮುಚ್ಚಳದ ಶೀತಪೆಟ್ಟಿಗೆಯೊಳಗೆ ಪಿಜ್ಜಾ ಮಲಗಿರುತ್ತದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಚೀಸು ನೂಲಿನಂತೆ ಜಗ್ಗುತ್ತಿರುತ್ತದೆ. ಮನೆಗೆ ತಂದು ಬಿಸಿ ಮಾಡಿದಾಗ ಕೆಲವು ಚಿತ್ರದ ಮಾನ ಉಳಿಸುತ್ತವೆ. ಕೆಲವು ರಟ್ಟಿನ ತುಂಡಿನಂತಿರುತ್ತವೆ. ಯಾವುದು ಪರವಾಗಿಲ್ಲ, ಯಾವುದಕ್ಕೆ ದುಡ್ಡು ದಂಡ ಎಂಬುದು ಓದಲಿಕ್ಕೆಂದು ಊರು ಬಿಟ್ಟು ಕೋಣೆ ಹಿಡಿದ ಹುಡುಗ ಹುಡುಗಿಯರಿಗೆ ಪರೀಕ್ಷೆಯಷ್ಟೇ ಗಂಭೀರವಾದ ಪ್ರಶ್ನೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಇದೇ ಪ್ರಶ್ನೆ ಬೇರೆ ವೇಷದಲ್ಲಿದೆ. ಒಮ್ಮೆ ಮಾಡಿ ದಿನಗಟ್ಟಲೆ ಇಡುವ, ಹಸಿವಾದಾಗ ತೆಗೆದು ತಿನ್ನುವ ತಿನಿಸು ಈ ಸೀಮೆಗೆ ಹೊಸದಲ್ಲ. ಅದರ ಹೆಸರು ಕಡಕ್ ರೊಟ್ಟಿ. ಹಿಂದೆ ಅದು ಮನೆಯ ಬುಟ್ಟಿಯಲ್ಲಿರುತ್ತಿತ್ತು. ಈಗ ಪ್ಲಾಸ್ಟಿಕ್ ಚೀಲ ಸೇರಿ ಕಿರಾಣಿ ಅಂಗಡಿಗೂ ಪಟ್ಟಣದ ಸೂಪರ್ ಮಾರ್ಕೆಟ್ಟಿಗೂ ಬಂದಿದೆ. ಅಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ? ಅದಕ್ಕೆ ಮೊದಲು ಒಳ್ಳೆಯ ರೊಟ್ಟಿ ಹೇಗೆ ಹುಟ್ಟುತ್ತದೆಂದು ತಿಳಿಯಬೇಕು.

ನೀರಿನ ಲೆಕ್ಕ

ಅಡುಗೆ ಕೆಡುವುದು ಅದರಲ್ಲಿ ಬೆಳೆಯುವ ಬೂಷ್ಟು, ಸೂಕ್ಷ್ಮಜೀವಿಗಳಿಂದ. ಅವು ಬದುಕಲು ನೀರು ಬೇಕು. ಆ ನೀರನ್ನು ಅವುಗಳಿಗೆ ಸಿಗದಂತೆ ಮಾಡಿದರೆ ಅಡುಗೆ ಉಳಿಯುತ್ತದೆ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ನೀರನ್ನು ಮಂಜುಗಡ್ಡೆ ಮಾಡಿ ಕಟ್ಟಿಹಾಕುವುದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್ ಐ 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರ್ ಎಂಬ ಹಿಮಪ್ರದೇಶದಲ್ಲಿದ್ದಾಗ, ಅಲ್ಲಿನ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣಾರ್ಧದಲ್ಲಿ ಗಡ್ಡೆಗಟ್ಟುವುದನ್ನೂ, ತಿಂಗಳುಗಳ ಮೇಲೆ ಕರಗಿಸಿದರೂ ರುಚಿ ಕೆಡದಿರುವುದನ್ನೂ ಕಂಡ. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣದಾಗಿರುತ್ತದೆ, ಆಹಾರದ ಒಡಲು ಹರಿಯುವುದಿಲ್ಲ. 1920ರ ದಶಕದಲ್ಲಿ ಅವನು ಇದನ್ನೇ ಉದ್ಯಮ ಮಾಡಿದ. ಇಂದಿನ ಶೀತಪೆಟ್ಟಿಗೆಯ ಪಿಜ್ಜಾ ಅದೇ ವಂಶದ್ದು. ಆದರೆ ಕಾರ್ಖಾನೆಯಿಂದ ಲಾರಿ, ಲಾರಿಯಿಂದ ಅಂಗಡಿ, ಅಂಗಡಿಯಿಂದ ಮನೆ, ಎಲ್ಲಿಯೂ ತಂಪು ಸೊನ್ನೆಗಿಂತ 18 ಡಿಗ್ರಿ ಕೆಳಗೇ ಇರಬೇಕು. ನಡುವೆ ಕರೆಂಟು ಹೋಗಿ ಕರಗಿ ಮತ್ತೆ ಗಡ್ಡೆಯಾದರೆ ಹರಳು ದೊಡ್ಡದಾಗುತ್ತದೆ, ಬಿಸಿ ಮಾಡಿದಾಗ ತಳ ಒದ್ದೆಯಾಗಿ ಮುದ್ದೆಯಾಗುತ್ತದೆ. ಡಬ್ಬಿಯೊಳಗೆ ಮಂಜಿನ ಪದರು ಹಿಡಿದಿದ್ದರೆ ಅದನ್ನು ಬಿಡುವುದೇ ಲೇಸು.

ಎರಡನೆಯ ದಾರಿ ಕಡಕ್ ರೊಟ್ಟಿಯದು. ನೀರನ್ನು ಕಟ್ಟಿಹಾಕುವ ಬದಲು ಓಡಿಸಿಯೇ ಬಿಡುವುದು. ಇದಕ್ಕೆ ತಂತಿ ಬೇಡ, ಪೆಟ್ಟಿಗೆ ಬೇಡ. ಒಣ ಹವೆಯ, ಬಿಸಿಲು ಧಾರಾಳವಾಗಿರುವ ಸೀಮೆಗೆ ಹೊಂದಿದ ಜಾಣತನ ಇದು.

ಡೋಣಿಯ ದಂಡೆ

ಬಸವಣ್ಣನವರ ಜನ್ಮಸ್ಥಳವೆಂದು ನಾಡಿಗೆಲ್ಲ ಗೊತ್ತಿರುವ ಬಸವನ ಬಾಗೇವಾಡಿಯಿಂದ ಸುತ್ತಾಟ ಶುರು ಮಾಡಿದರೆ ಕಣ್ಣಿಗೆ ಮೊದಲು ಬೀಳುವುದು ಕರಿ ಮಣ್ಣು. ಈ ಸೀಮೆಯಲ್ಲಿ ಹರಿಯುವ ಡೋಣಿ ನದಿ ಮಹಾರಾಷ್ಟ್ರದ ಜತ್ತದ ಕಡೆಯಿಂದ ಬಂದು, ತಾಳಿಕೋಟೆಯನ್ನು ಹಾದು ಕೃಷ್ಣೆಯನ್ನು ಸೇರುತ್ತದೆ. ನೀರು ಉಪ್ಪು. ಆದರೆ ದಂಡೆಯ ಎರೆಭೂಮಿ ಬಂಗಾರ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಮಾತು ಇಲ್ಲಿ ಮಕ್ಕಳ ಬಾಯಲ್ಲೂ ಇದೆ.

ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಮಳೆ ಆಗಲೇ ಹಿಂದೆ ಸರಿದಿರುತ್ತದೆ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲಿಯೇ ಪೈರು ಬೆಳೆದು ಫೆಬ್ರುವರಿ–ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಚಳಿಗಾಲದ ಬೆಳೆಯಾದ್ದರಿಂದ ತೆನೆ ಮಳೆಗೆ ಸಿಕ್ಕು ಕಪ್ಪಾಗುವ ಭಯ ಕಡಿಮೆ. ಕಾಳು ಮುತ್ತಿನಂತೆ ಬೆಳ್ಳಗಿರುತ್ತದೆ. ಈ ಭಾಗದ ರೈತರ ಮೆಚ್ಚಿನ ತಳಿ ಮಾಲದಂಡಿ. ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ 'ಎಂ 35–1' ಎಂಬ ತಳಿ ಹಳೆಯದಾದರೂ ರೊಟ್ಟಿಯ ರುಚಿಯಲ್ಲಿ ಹೊಸ ತಳಿಗಳನ್ನು ಇದರೊಡನೆಯೇ ಹೋಲಿಸುವ ರೂಢಿಯಿದೆ.

ಬಾಗೇವಾಡಿಯ ದಕ್ಷಿಣಕ್ಕೆ ಆಲಮಟ್ಟಿ. ಅಲ್ಲಿ 1964ರ ಮೇ 22ರಂದು, ಮುಂದೆ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕಾಲುವೆಯ ನೀರು ಬಂದ ಕಡೆಗಳಲ್ಲಿ ಹೊಲದ ಬಣ್ಣ ಬದಲಾಗಿದೆ; ಜೋಳವಿದ್ದಲ್ಲಿ ಕಬ್ಬು ನಿಂತಿದೆ. ರೈತನನ್ನು ದೂರುವಂತಿಲ್ಲ. ಕಬ್ಬು ಕೈಗೆ ದುಡ್ಡು ಕೊಡುತ್ತದೆ. ಜೋಳದ ತೆನೆ ಕೊಯ್ಯಲು, ಕಣಿಕೆ ಕಟ್ಟಲು ಆಳು ಸಿಗುವುದಿಲ್ಲ. ಇನ್ನು 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲಿ ಅಕ್ಕಿ ದೊಡ್ಡ ಆಸರೆಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿ ಜೋಳ, ಸಜ್ಜೆಗಳಿಗೆ ಪೇಟೆಯಲ್ಲಿ ಗೌರವ ತಂದದ್ದು ಅದಾದ ಹತ್ತು ವರ್ಷಕ್ಕೆ.

ಬಡಿಯುವ ಕೈ

ಮುದ್ದೇಬಿಹಾಳದ ಕಡೆ ಮುಂಜಾನೆ ಓಣಿಯಲ್ಲಿ ನಡೆದರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಚಪಾತಿಯಂತೆ ಇದನ್ನು ಲಟ್ಟಿಸಿ ಹಿಗ್ಗಿಸಲು ಬರುವುದಿಲ್ಲ. ಗೋದಿಯಲ್ಲಿರುವ ಜಿಗುಟಿನ ಅಂಶ, ವಿಜ್ಞಾನದ ಪುಸ್ತಕದಲ್ಲಿ ಗ್ಲುಟೆನ್ ಎನ್ನುವುದು, ಜೋಳದಲ್ಲಿ ಇಲ್ಲ. ಪಿಜ್ಜಾದ ಹಿಟ್ಟು ರಬ್ಬರಿನಂತೆ ಹಿಗ್ಗುವುದು ಅದರಿಂದಲೇ. ಜೋಳದ ಹಿಟ್ಟಿಗೆ ಆ ಬಲವನ್ನು ಕುದಿಯುವ ಎಸರಿನಿಂದ ತರಬೇಕು. ಬಿಸಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅಂಟಾಗುತ್ತದೆ. ಆಮೇಲೆ ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು. ನಾದಿದ್ದು ಸಾಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ.

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾರೆ, ಮಗುಚಿ ಬೇಯಿಸುತ್ತಾರೆ. ಉಬ್ಬಿದಾಗ ಇಳಿಸಿ ಬೆಣ್ಣೆಯೊಡನೆ ತಿಂದರೆ ಬಿಸಿರೊಟ್ಟಿ. ಅದನ್ನೇ ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ತೇವವೆಲ್ಲ ಹೋಗುವವರೆಗೆ ಬಿಟ್ಟರೆ ಕಡಕ್ ರೊಟ್ಟಿ. ಬೇಯಿಸುವುದಕ್ಕಿಂತ ಒಣಗಿಸುವುದಕ್ಕೇ ತಾಳ್ಮೆ ಹೆಚ್ಚು ಬೇಕು. ಕಟ್ಟಿಗೆಯಾಗಲಿ ಗ್ಯಾಸಾಗಲಿ, ಉರಿಯ ಖರ್ಚು ಇಲ್ಲಿಯೇ. ಅವಸರದವರು ಕಳ್ಳತನ ಮಾಡುವುದೂ ಇಲ್ಲಿಯೇ!

ಸಿಂದಗಿಯ ದಾರಿ ಹಿಡಿದರೆ ಜೋಳದ ಜೊತೆಗೆ ಸಜ್ಜೆ ಮಾತಿಗೆ ಬರುತ್ತದೆ. ಸಂಕ್ರಾಂತಿಯ ಸುಮಾರಿಗೆ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಈ ಭಾಗದ ಮನೆಗಳಲ್ಲಿ ರಾಶಿ ಬೀಳುತ್ತದೆ. ಎಳ್ಳಮಾಸೆಗೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಎಲ್ಲರೂ ಸುತ್ತ ಕುಳಿತು ಉಣ್ಣುತ್ತಾರೆ. ಮಾಡಿದ್ದು ಒಂದೆರಡು ದಿನಕ್ಕಲ್ಲ. ನೆಂಟರಿಗೆ, ನೆರೆಯವರಿಗೆ, ಊರು ಬಿಟ್ಟ ಮಕ್ಕಳಿಗೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿ ಊರುಗಳು ಮುಳುಗಿದಾಗ ಉತ್ತರ ಕರ್ನಾಟಕದ ಮನೆಮನೆಗಳಿಂದ ಸಂತ್ರಸ್ತರಿಗೆ ಹೋದದ್ದು ಇಂಥ ರೊಟ್ಟಿಯ ಗಂಟುಗಳೇ. ಒಲೆಯಿಲ್ಲದವರಿಗೂ ಒದಗುವ ಊಟ ಅದು.

ಉತ್ತರಕ್ಕೆ ಇಂಡಿ, ಭೀಮಾ ತೀರದ ಲಿಂಬೆಯ ನಾಡು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಒಣರೊಟ್ಟಿಗೆ ಲಿಂಬೆಯ ಉಪ್ಪಿನಕಾಯಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇದ್ದರೆ ಪಲ್ಯವನ್ನು ಯಾರೂ ಕೇಳುವುದಿಲ್ಲ. ನೋಡಿ, ಇವೆಲ್ಲವೂ ನೀರಿಲ್ಲದವು ಅಥವಾ ಉಪ್ಪು ಹುಳಿಯಿಂದ ಉಳಿಯುವಂಥವು. ಬುತ್ತಿಯ ಗಂಟಿನಲ್ಲಿ ಎಲ್ಲವೂ ಒಂದೇ ಶಾಸ್ತ್ರಕ್ಕೆ ಒಳಪಟ್ಟಿವೆ! ಇಲ್ಲಿಂದ ಸೊಲ್ಲಾಪುರ ದೂರವಲ್ಲ. ಅಲ್ಲಿ ಇದೇ ರೊಟ್ಟಿ 'ಕಡಕ್ ಭಾಕರಿ' ಎಂದು ಮರಾಠಿ ಮಾತಾಡುತ್ತ ಶೇಂಗಾ ಚಟ್ನಿಯ ಜೊತೆಗೇ ಅಂಗಡಿಯಲ್ಲಿ ಸಿಗುತ್ತದೆ.

ಬಸ್ಸಿನಲ್ಲಿ ಬರುವ ಬುತ್ತಿ

ಉತ್ತರ ಕರ್ನಾಟಕದ ಎಷ್ಟೋ ಪದವೀಧರರು ಬುತ್ತಿಯ ಮೇಲೆ ಓದಿದವರು. ಧಾರವಾಡದಲ್ಲೋ ವಿಜಯಪುರದಲ್ಲೋ ಕೋಣೆ ಮಾಡಿಕೊಂಡ ಮಗನಿಗೆ ತಾಯಿ ಅರಿವೆಯಲ್ಲಿ ರೊಟ್ಟಿ ಕಟ್ಟಿ, ಹೆಸರಿನ ಚೀಟಿ ಅಂಟಿಸಿ ಸರಕಾರಿ ಬಸ್ಸಿಗೆ ಹಾಕುತ್ತಿದ್ದಳು. ಬಸ್ಸು ಬರುವ ಹೊತ್ತಿಗೆ ಮಗ ನಿಲ್ದಾಣದಲ್ಲಿ ಕಾಯುತ್ತಿದ್ದ. ಹಿಂದಿರುಗುವ ಬಸ್ಸಿನಲ್ಲಿ ಖಾಲಿ ಡಬ್ಬಿ ಊರಿಗೆ. ಇಂದಿಗೂ ಈ ರೂಢಿ ಪೂರ್ತಿ ಅಳಿದಿಲ್ಲ.

ಆದರೆ ಆ ಬುತ್ತಿಯ ಹಿಂದೆ ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕುಳಿತ ಒಂದು ಜೀವವಿತ್ತು. ಮಗ ಓದಿದ, ಜೊತೆಗೆ ಕುಳಿತು ರೊಟ್ಟಿ ಬಡಿದ ಮಗಳು ಓದನ್ನು ಅರ್ಧಕ್ಕೆ ಬಿಟ್ಟ ಮನೆಗಳು ಎಷ್ಟಿಲ್ಲ? ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಆರಂಭವಾಯಿತು. ಇಂದು ಅದು ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಈಗ ಮಗಳೂ ಬಸ್ಸು ಹತ್ತುತ್ತಾಳೆ, ಹತ್ತಬೇಕು. 'ಈಗಿನ ಹುಡುಗಿಯರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ' ಎಂದು ನಿಟ್ಟುಸಿರು ಬಿಡುವವರು, ಹುಡುಗರಿಗೂ ಬರುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಅಂಗಡಿಯ ರೊಟ್ಟಿ ಬಂದದ್ದು ಈ ಬಿಡುವಿನಲ್ಲಿ. ರಾಜ್ಯದಲ್ಲಿ 2000–01ರಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳು, ಓಣಿಯ ನಾಲ್ಕಾರು ಹೆಂಗಸರು ಸೇರಿ ನಡೆಸುವ ರೊಟ್ಟಿ ಕೇಂದ್ರಗಳು, ಖಾನಾವಳಿಗಳು ಇದನ್ನು ಕಸುಬಾಗಿ ಮಾಡಿದವು. ಮನೆಯಲ್ಲಿ ಲೆಕ್ಕಕ್ಕೆ ಬಾರದಿದ್ದ ದುಡಿಮೆಗೆ ಇಲ್ಲಿ ಕೂಲಿ ಸಿಗುತ್ತದೆ. ಹಾಗಾಗಿ ಚೀಲದ ರೊಟ್ಟಿಯನ್ನು ತಾಯಿಯ ರೊಟ್ಟಿಯ ಬಡ ನಕಲು ಎಂದು ಹೀಗಳೆಯುವುದು ಸರಿಯಲ್ಲ. ಮಕ್ಕಳೆಲ್ಲ ಓದಲು ಹೋದ ಮೇಲೂ ರೊಟ್ಟಿ ಉಳಿಯಬೇಕಾದರೆ ಇದೇ ಅದರ ಹಾದಿ.

ಒಳ್ಳೆಯದರ ಗುರುತು

ಚೀಲ ಕೈಗೆತ್ತಿಕೊಂಡಾಗ ಏನು ನೋಡಬೇಕು? ಮೊದಲು ತಯಾರಿಸಿದ ದಿನಾಂಕ. ರೊಟ್ಟಿ ಒಣಗಿದ್ದರೂ ಜೋಳದಲ್ಲಿ ಸ್ವಲ್ಪ ಕೊಬ್ಬಿನ ಅಂಶವಿರುತ್ತದೆ, ಹಳತಾದರೆ ಕಮಟು ಹಿಡಿಯುತ್ತದೆ. ಹಳ್ಳಿಯ ಹೆಂಗಸರು ಜೋಳದ ಹಿಟ್ಟನ್ನು ಕೆಲವೇ ದಿನಕ್ಕೆ ಬೇಕಾದಷ್ಟು ಮಾತ್ರ ಬೀಸಿಸುವುದು ಇದೇ ಕಾರಣಕ್ಕೆ. ಎರಡನೆಯದು, ಏನೇನು ಹಾಕಿದೆ ಎಂಬ ಪಟ್ಟಿ. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಜೋಳದ ರೊಟ್ಟಿಯೆಂದು ಕೊಂಡ ಚೀಲದಲ್ಲಿ ಮೈದಾ ಮೊದಲಿದ್ದರೆ ಅದನ್ನು ಜೋಳದ ರೊಟ್ಟಿ ಎನ್ನುವುದು ಹೇಗೆ? ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆಯೂ ಇರಬೇಕು.

ಮೂರನೆಯದು ಕಣ್ಣಿನ ಪರೀಕ್ಷೆ. ಅಲ್ಲಲ್ಲಿ ಕಂದು ಚುಕ್ಕೆ ಇರಲಿ, ಕರಕಲು ಬೇಡ. ಚೀಲದ ಒಳಮೈಗೆ ಹಬೆ ಕಟ್ಟಿದ್ದರೆ ರೊಟ್ಟಿಯನ್ನು ಆರುವ ಮೊದಲೇ ತುಂಬಿದ್ದಾರೆಂದು ಅರ್ಥ. ನಾಲ್ಕನೆಯದು ಕಿವಿಯದು. ಮನೆಗೆ ತಂದು ಮುರಿದಾಗ ಕಟಕ್ಕೆನ್ನಬೇಕು. ಬಾಗಿ ಬಾಗಿ ಮುರಿದರೆ ತೇವ ಉಳಿದಿದೆ. ಅದನ್ನು ಬೇಗ ತಿಂದು ಮುಗಿಸುವುದೇ ಒಳ್ಳೆಯದು, ಇಡುವಂತಿಲ್ಲ. ಮಳೆಗಾಲದಲ್ಲಿ ಒಳ್ಳೆಯ ರೊಟ್ಟಿಯೂ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಬಿಗಿ ಮುಚ್ಚಳದ ಡಬ್ಬಿ ಬೇಕು. ಹಲ್ಲಿಗೆ ಗಟ್ಟಿಯೆನಿಸಿದರೆ ಎರಡೂ ಬದಿ ಬಿಸಿನೀರು ಚಿಮುಕಿಸಿ ಅರಿವೆಯಲ್ಲಿ ಕೆಲವು ನಿಮಿಷ ಸುತ್ತಿಡಿ, ಮೆತ್ತಗಾಗುತ್ತದೆ. ಹಾಸ್ಟೆಲಿನಲ್ಲಿ ಒಲೆಯಿಲ್ಲದವರಿಗೂ ಇದು ಸಾಧ್ಯ.

ಕೊನೆಯದು ಬೆಲೆ. ತೀರ ಅಗ್ಗದ ರೊಟ್ಟಿಯಲ್ಲಿ ಎಲ್ಲೋ ಒಂದು ಕಡೆ ಕಡಿತವಾಗಿರುತ್ತದೆ. ಜೋಳದಲ್ಲಿ, ಒಣಗಿಸುವ ಉರಿಯಲ್ಲಿ, ಇಲ್ಲವೆ ಬಡಿದ ಕೈಯ ಕೂಲಿಯಲ್ಲಿ. ಮೊದಲ ಎರಡು ನಾಲಗೆಗೆ ತಿಳಿಯುತ್ತವೆ. ಮೂರನೆಯದು ತಿಳಿಯುವುದಿಲ್ಲ, ಕೇಳಿಯೇ ಅರಿಯಬೇಕು. ಹತ್ತಿರದ ರೊಟ್ಟಿ ಕೇಂದ್ರಕ್ಕೆ ಮಕ್ಕಳನ್ನು ಒಮ್ಮೆ ಕರೆದೊಯ್ದು ತೋರಿಸುವ ತಂದೆತಾಯಿ ಪಾಠವೊಂದನ್ನು ಪುಸ್ತಕವಿಲ್ಲದೆ ಕಲಿಸಿದಂತಾಗುತ್ತದೆ.

ಭಾರತದಲ್ಲಿ ದೊಡ್ಡ ಪಿಜ್ಜಾ ಕಂಪನಿಗಳು ಕಾಲಿಟ್ಟದ್ದು 1996ರಲ್ಲಿ. ಡಾಮಿನೋಸ್ ದೆಹಲಿಯಲ್ಲಿ, ಪಿಜ್ಜಾ ಹಟ್ ಬೆಂಗಳೂರಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಲ್ಲಿ ಪಿಜ್ಜಾ ಬ್ರೆಡ್ಡಿಗೂ ರೋಟಿ–ಚಪಾತಿಗಳಿಗೂ ಶೇಕಡ 5ರ ತೆರಿಗೆ ಒಟ್ಟಿಗೇ ಸೊನ್ನೆಯಾಯಿತು. ಸರಕಾರದ ತಕ್ಕಡಿಯಲ್ಲಿ ಎರಡೂ ಸರಿಸಮ. ಹುಡುಗರ ತಕ್ಕಡಿ ಪಿಜ್ಜಾದ ಕಡೆ ವಾಲಿದರೆ ಕೋಪ ಬೇಡ, ಆಸೆಯ ದಿನ ಅದೂ ಇರಲಿ. ಕರೆಂಟು ಹೋದ ರಾತ್ರಿ, ಮೆಸ್ಸು ಮುಚ್ಚಿದ ಭಾನುವಾರ, ಪರೀಕ್ಷೆಯ ಹಿಂದಿನ ದಿನ ಕೈಹಿಡಿಯಲು ಕಪಾಟಿನಲ್ಲಿ ಒಂದು ಕಟ್ಟು ರೊಟ್ಟಿಯಿರಲಿ. ಕಟ್ಟಿನ ತಳದಲ್ಲಿ ಉಳಿದ ಚೂರನ್ನು ಚೆಲ್ಲಬೇಡಿ. ಮೊಸರು, ಒಂದಿಷ್ಟು ಶೇಂಗಾ ಚಟ್ನಿ ಕಲಸಿದರೆ ಅದೂ ಒಂದು ಹೊತ್ತಿನ ಊಟ.