ಕುಟ್ಟೆ ಹಿಡಿಯದ ಬಿದಿರು

ನಮ್ಮ ಇಗರ್ಜಿಯ ಕಾಲುಹಾರ್ಮೋನಿಯಂ ಹಾಳಾದದ್ದರಲ್ಲಿ ನನ್ನದೂ ಒಂದು ಪಾಲಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು.

ನಾಲ್ಕಾಳು ಸೇರದೆ ಅಲುಗದ ಮರದ ಪೆಟ್ಟಿಗೆ ಅದು. ಪರದೇಶದ್ದು ಎನ್ನುತ್ತಿದ್ದರು, ಯಾವ ದೇಶವೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಕೆಳಗೆ ಎರಡು ಮೆಟ್ಟು. ಅವನ್ನು ತುಳಿಯುತ್ತಿದ್ದರೆ ಒಳಗಿನ ತಿದಿ ಉಸಿರಾಡುತ್ತಿತ್ತು, ಹಿತ್ತಾಳೆಯ ನಾಲಿಗೆಗಳು ಅದುರಿ ಸ್ವರ ಹೊರಡುತ್ತಿತ್ತು. ನುಡಿಸುತ್ತಿದ್ದವರು ನಮ್ಮ ಬಾಪ್ಪು, ಅಂದರೆ ಅಪ್ಪನ ತಮ್ಮ. ವಾರವಿಡೀ ಶಾಲೆಯ ಮೇಷ್ಟ್ರು, ಭಾನುವಾರ ಮಾತ್ರ ಸಂಗೀತಗಾರ. ತಿದಿ ಹರಿದಾಗಲೆಲ್ಲ ಸೈಕಲ್ ಟ್ಯೂಬಿನ ತೇಪೆ ಹಾಕುತ್ತಿದ್ದರು. ಆ ಗೋಂದಿನ ವಾಸನೆಯೂ ಧೂಪದ ವಾಸನೆಯೂ ನನ್ನ ಮೂಗಿನಲ್ಲಿ ಇವತ್ತಿಗೂ ಒಂದೇ ಗೂಡಿನಲ್ಲಿವೆ.

ನಡುವಿನ ಒಂದು ಮನೆ ಮಾತ್ರ ಯಾವತ್ತೂ ಸ್ವರ ಕೊಡುತ್ತಿರಲಿಲ್ಲ. ಬಾಪ್ಪು ಅದನ್ನು ಹಾರಿಸಿ ನುಡಿಸುತ್ತಿದ್ದರು. ಊರೂ ಅದನ್ನು ಹಾರಿಸಿಯೇ ಹಾಡಲು ಕಲಿತಿತ್ತು. ಕನ್ಯಾಮರಿಯಮ್ಮನ ಹುಟ್ಟುದಿನವಾದ ಮೊಂತಿ ಹಬ್ಬದಂದು ಹೂ ಅರ್ಪಿಸುವ ಹಾಡಿನಲ್ಲಿ ಆ ಜಾಗ ಬಂದಾಗ ಮುದುಕರಿಂದ ಮಕ್ಕಳವರೆಗೆ ಎಲ್ಲರೂ ಒಂದು ಗಳಿಗೆ ಉಸಿರು ಹಿಡಿದು ಮುಂದೆ ಹೋಗುತ್ತಿದ್ದರು. ಬೇರೆ ಊರಿಗೆ ಮದುವೆಯಾಗಿ ಹೋದ ನಮ್ಮ ಹುಡುಗಿಯರನ್ನು ಅಲ್ಲಿನವರು ಇದರಿಂದಲೇ ಗುರುತಿಸುತ್ತಿದ್ದರಂತೆ.

ಆಗ ನಾನು ಯುವಜನ ಸಂಘದ ಕಾರ್ಯದರ್ಶಿ. ಪಕ್ಕದ ಊರಿನ ಇಗರ್ಜಿಗೆ ವಿದ್ಯುತ್ ಕೀಬೋರ್ಡ್ ಬಂದಿತ್ತು, ನಮಗೇನು ಕಡಿಮೆ? ಸಾಂತ್‌ಮಾರಿ ವಾರ್ಷಿಕ ಹಬ್ಬದಲ್ಲಿ ಹೌಸಿ ಆಡಿಸಿ, ಲಕ್ಕಿಡಿಪ್ ಮಾಡಿ, ವಾಡೆಯ ಮುಖಂಡರಾದ ಗುರ್ಕಾರರ ಹಿಂದೆ ಮನೆಮನೆ ಸುತ್ತಿ ದುಡ್ಡು ಕೂಡಿಸಿದೆವು. ಕೀಬೋರ್ಡ್ ಬಂತು. ಒತ್ತಿದರೆ ಪಿಯಾನೋ, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದಕ್ಕೆ ತಬಲಾ. ಬಾಪ್ಪು ಅದರ ಅಡಿಗೆ ಬಗ್ಗಿ ನೋಡಿದರು. “ಇದಕ್ಕೆ ತುಳಿಯುವುದು ಬೇಡವಾ ಮಗಾ?” ಎಂದರು. ಅಷ್ಟೇ. ಹಾರ್ಮೋನಿಯಂ ಉಗ್ರಾಣ ಸೇರಿತು, ಮೆರವಣಿಗೆಯ ಕೊಡೆ ಮತ್ತು ಗೋದಲಿಯ ಒಣಹುಲ್ಲಿನ ಪಕ್ಕಕ್ಕೆ. ಹೊಸ ವಾದ್ಯದಲ್ಲಿ ಎಲ್ಲ ಸ್ವರವೂ ಇತ್ತು. ಊರು ಮಾತ್ರ ಆ ಜಾಗದಲ್ಲಿ ಇನ್ನೂ ಕೆಲವು ವರ್ಷ ಉಸಿರು ಹಿಡಿಯುತ್ತಲೇ ಇತ್ತು.

ಆಮೇಲೆ ಕೃಷಿ ಇಲಾಖೆಯ ಕೆಲಸ ನನ್ನನ್ನು ಫಿಲಿಪ್ಪೀನ್ಸಿಗೆ ಕರೆದೊಯ್ದಿತು. ಲಾಸ್ ಬಾನ್ಯೋಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿದೆ. ನಮ್ಮ ರೈತರ ಬಾಯಲ್ಲಿ ಐ.ಆರ್. ಎಂಟು ಆದ ತಳಿ 1966ರಲ್ಲಿ ಅಲ್ಲಿಂದಲೇ ಹೊರಬಂದದ್ದು. ಅಲ್ಲಿ ಕೆಲವು ತಿಂಗಳ ತರಬೇತಿ. ಡಿಸೆಂಬರ್ ಬಂತು. ಆ ದೇಶದಲ್ಲಿ 16ರಿಂದ 24ರವರೆಗೆ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಪೂಜೆ. ಸಿಂಬಾಂಗ್ ಗಾಬಿ ಎನ್ನುತ್ತಾರೆ. ಗದ್ದೆಗೆ ಹೋಗುವವರು ಮೊದಲು ಇಗರ್ಜಿಗೆ ಬಂದು ಹೋಗಲಿ ಎಂದು ಹುಟ್ಟಿದ ಪದ್ಧತಿಯಂತೆ. ಭತ್ತದವರಿಗೆ ಹೇಳಿಮಾಡಿಸಿದ್ದು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು “ನಮ್ಮೂರಿಗೆ ಬಾ, ಬಿದಿರು ಹಾಡುವುದನ್ನು ಕೇಳು” ಎಂದರು. ರಾತ್ರಿ ಎರಡಕ್ಕೆ ಎದ್ದು ಮನಿಲಾದ ದಿಕ್ಕಿಗೆ ಹೊರಟೆವು. ಅವರ ಊರು ಲಾಸ್ ಪಿನ್ಯಾಸ್.

ಸಂತ ಜೋಸೆಫರ ಕಲ್ಲಿನ ಇಗರ್ಜಿ. ಹೊರಗೆ ನಕ್ಷತ್ರದ ಗೂಡುದೀಪಗಳು. ಒಳಗೆ ಕೂರಲು ಜಾಗವಿಲ್ಲ, ಬಾಗಿಲವರೆಗೂ ಜನ. ಪೂಜೆ ಶುರುವಾದಾಗ ಹಿಂದಿನ ಮಾಳಿಗೆಯಿಂದ ಸ್ವರ ಇಳಿದು ಬಂತು. ನಾನು ಕೇಳಿದ್ದ ಆರ್ಗನ್ನುಗಳೆಲ್ಲ ಸಿನಿಮಾದವು, ಗುಡುಗುತ್ತವೆ. ಇದು ಗುಡುಗಲಿಲ್ಲ. ಸಂಜೆಯ ಗಾಳಿಗೆ ಬಿದಿರು ಮೆಳೆಯೊಳಗೆ ಎಲ್ಲೋ ತೂತಾದ ಗಳ ಊದಿಕೊಳ್ಳುತ್ತದಲ್ಲ, ಆ ದನಿಗೆ ಯಾರೋ ರಾಗ ಕಲಿಸಿದ ಹಾಗಿತ್ತು. ನನ್ನ ಕಣ್ಣು ಪೀಠದ ಕಡೆಗಿತ್ತು, ಕಿವಿ ಪೂರಾ ಹಿಂದಕ್ಕಿತ್ತು. ದೇವರು ಕ್ಷಮಿಸಲಿ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಪುಟೋ ಬುಂಬೋಂಗ್ ತಿಂದೆವು. ನೇರಳೆ ಬಣ್ಣದ ಅಂಟಕ್ಕಿಯ ಹಿಟ್ಟನ್ನು ಬಿದಿರಿನ ಅಂಡೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿ, ಬೆಣ್ಣೆ, ತೆಂಗಿನತುರಿ, ಸಕ್ಕರೆ ಹಾಕಿ ಬಾಳೆಲೆಯಲ್ಲಿ ಕೊಡುತ್ತಾರೆ. ಕಾಸರಗೋಡಿನ ಕಡೆಯ ಪುಟ್ಟಿಗೆ ಹತ್ತಿರದ ನೆಂಟ. ಒಳಗೆ ಬಿದಿರು ಹಾಡುತ್ತದೆ, ಹೊರಗೆ ಬಿದಿರು ಅಡುಗೆ ಮಾಡುತ್ತದೆ.

ಬೆಳಗಾದ ಮೇಲೆ ಮಾಳಿಗೆ ಹತ್ತಲು ಬಿಟ್ಟರು. ತೋರಿಸುತ್ತಿದ್ದವರು ಅದೇ ಪ್ಯಾರಿಷಿನ ಒಬ್ಬ ಮುದುಕಿ. ಎಲ್ಲರೂ ಲೋಲಾ ಅಂದರೆ ಅಜ್ಜಿ ಎಂದು ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆದೆ. ಅಲ್ಲಿದ್ದದ್ದು ಬಿದಿರಿನ ಆರ್ಗನ್. ಒಟ್ಟು 1,031 ಕೊಳವೆಗಳು. 902 ಬಿದಿರಿನವು, 129 ಲೋಹದವು. ಕಟ್ಟಿದವರು ದಿಯೆಗೊ ಸೆರಾ ಎಂಬ ಸ್ಪೇನಿನ ಪಾದ್ರಿ. 1795ರಲ್ಲಿ ಉಪ್ಪು ಮಾಡುವವರ, ಮೀನು ಹಿಡಿಯುವವರ ಈ ಬಡ ಊರಿಗೆ ವಿಗಾರರಾಗಿ ಬಂದರು. ಇಗರ್ಜಿ ಕಟ್ಟಿಸಿದರು, ಅದರ ಜೊತೆಗೇ ಆರ್ಗನ್ನಿಗೂ ಕೈಹಾಕಿದರು. ಬಿದಿರು ಹಿತ್ತಲಲ್ಲೇ ಬೆಳೆಯುತ್ತಿತ್ತು.

1816ರಲ್ಲಿ ಬಿದಿರು ಕಡಿಸಿದ ಸೆರಾ ಅದನ್ನು ಸಮುದ್ರ ತೀರದ ಮರಳಿನಲ್ಲಿ ಹೂತಿಟ್ಟರು. ತಿಂಗಳುಗಟ್ಟಲೆ ಹಾಗೇ ಬಿಟ್ಟರು. ಲೋಲಾ ಇದನ್ನು ಪವಾಡದಂತೆ ಹೇಳುತ್ತಿದ್ದರೆ ನನಗೆ ನಗು ಬಂತು. ನಮ್ಮ ಅಜ್ಜ ಹಟ್ಟಿಯ ಮಾಡಿಗೆ ಬಿದಿರು ಬೇಕಾದಾಗ ಅಮಾವಾಸ್ಯೆಯ ಆಸುಪಾಸಿಗೆ ಕಡಿದು, ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ ತೋಡಿನ ಗುಂಡಿಯಲ್ಲಿ ಮುಳುಗಿಸಿಡುತ್ತಿದ್ದರು. ಕೊಳೆತು ನಾತ ಹೊಡೆಯುತ್ತಿತ್ತು. ಸ್ನಾನಕ್ಕೆ ಹೋದ ನಾವು ಬೈಯುತ್ತಿದ್ದೆವು. ಬಿದಿರಿನೊಳಗೆ ಪಿಷ್ಟವಿದೆ, ಕುಟ್ಟೆ ಹುಳಕ್ಕೆ ಬೇಕಾದದ್ದು ಅದೇ. ನೀರಿಗೆ ಪಿಷ್ಟ ತೊಳೆದುಹೋದರೆ ಹುಳಕ್ಕೆ ರುಚಿಯಿಲ್ಲ. ಮರಳಿನಲ್ಲಿ ಹೂತಾಗಲೂ ಕುಟ್ಟೆ ಹಿಡಿಯುವ ಗಳವಿದ್ದರೆ ಅಲ್ಲೇ ಹಿಡಿದುಬಿಡುತ್ತದೆ, ಉಳಿದದ್ದು ಗಟ್ಟಿ. ಅಜ್ಜನಿಗೆ ಹಟ್ಟಿಯ ಮಾಡಾದದ್ದು ಸೆರಾ ಪಾದ್ರಿಗೆ ಸಂಗೀತವಾಯಿತು.

1821ರ ಹೊತ್ತಿಗೆ ವಾದ್ಯ ನುಡಿಯಿತು. ಆದರೆ ತುತ್ತೂರಿಯ ಸ್ವರಗಳು ಬಾಕಿ. ಅವು ಬಿದಿರಿನಲ್ಲಿ ಆಗುವ ಮಾತಲ್ಲ ಎಂದು ಕೊನೆಗೆ ಲೋಹಕ್ಕೆ ಶರಣಾಗಿ 1824ರಲ್ಲಿ ಮುಗಿಸಿದರು. ಮೂರು ವರ್ಷ ಹಟ ಹಿಡಿದು ಸೋತ ಪಾದ್ರಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲೇ. ಇನ್ನೊಂದು ತುಂಟತನವೂ ಇದೆ: ಹಕ್ಕಿಯ ಸ್ವರ. ಪುಟ್ಟ ಕೊಳವೆಗಳ ಬಾಯಿ ನೀರಿನಲ್ಲಿದೆ. ಗಾಳಿ ಬಿಟ್ಟರೆ ಗುಳುಗುಳು ಎಂದು ಚಿಲಿಪಿಲಿಗುಟ್ಟುತ್ತವೆ. ಲೋಲಾ ಅದನ್ನು ನುಡಿಸಿ ತೋರಿಸಿ, ನಾವು ನಗುತ್ತೇವೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿದರು.

ಸೆರಾ 1832ರಲ್ಲಿ ತೀರಿಕೊಂಡರು. ಆಮೇಲಿನದು ಕಷ್ಟದ ಕಥೆ. ಭೂಕಂಪ, ತೂಫಾನು, ಹಾರಿಹೋದ ಮಾಡು, ಮಳೆಗೆ ನೆನೆದ ವಾದ್ಯ. ನುಡಿಯದ ಕೊಳವೆಗಳನ್ನು ಊರವರು ಕಳಚಿ ಇಗರ್ಜಿಯ ಒಳಕೋಣೆಯಲ್ಲಿ ಎತ್ತಿಟ್ಟರು ಎಂದು ಲೋಲಾ ಹೇಳಿದರು. ಎತ್ತಿಟ್ಟರು, ಅಷ್ಟೇ. ಒಲೆಗೆ ಹಾಕಲಿಲ್ಲ. ಅಷ್ಟು ಒಣಗಿದ ಬಿದಿರನ್ನು ಬಡ ಊರೊಂದು ಒಲೆಗೆ ಹಾಕದೆ ಉಳಿಸಿತೆಂದರೆ ಅದು ಸಣ್ಣ ಮಾತಲ್ಲ. ಬೆಂಕಿ ಹೊತ್ತಿಸಲು ಬಿದಿರಿನಷ್ಟು ಸುಲಭದ ಸೌದೆ ಬೇರೊಂದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಂದ ಬೆಲ್ಜಿಯಂ ಮೂಲದ ಪಾದ್ರಿಗಳು ಮತ್ತೆ ಜೋಡಿಸಿ ಅರ್ಧಂಬರ್ಧ ನುಡಿಸಿದರು.

ಪೂರಾ ರಿಪೇರಿಯಾದದ್ದು 1973ರಿಂದ 75ರ ನಡುವೆ. ಸರ್ಕಾರವೂ ಊರವರೂ ಕೈಜೋಡಿಸಿದರು, ವಾದ್ಯ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಖಾನೆಗೆ ಪಯಣ ಬೆಳೆಸಿತು. ಬೆವರುವ ನಾಡಿನ ಬಿದಿರು ಯುರೋಪಿನ ಒಣಚಳಿಯಲ್ಲಿ ಸೀಳದೆ ಉಳಿದೀತೇ? ಜರ್ಮನರು ಒಂದು ಕೋಣೆಯಲ್ಲಿ ಫಿಲಿಪ್ಪೀನ್ಸಿನ ಸೆಕೆಯನ್ನೂ ತೇವವನ್ನೂ ಹುಟ್ಟಿಸಿ ಅದರಲ್ಲಿ ಕೆಲಸ ಮಾಡಿದರಂತೆ. ಚಳಿಗಾಲದ ಬಾನ್‌ನಲ್ಲಿ ಹೊರಗೆ ಉಣ್ಣೆಯ ಕೋಟು, ಒಳಗೆ ಬೆವರು ಒರೆಸುವ ಟವೆಲು. ಅತಿಥಿ ಸತ್ಕಾರವೆಂದರೆ ಇದು. ಈ ಹೊತ್ತಿನಲ್ಲೇ ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಮನ್ಯೋಸಾ ಮತ್ತು ಅವರ ಜೊತೆಗಾರರು ಇಗರ್ಜಿಯನ್ನೂ ಹಳೆಯ ರೂಪಕ್ಕೆ ತಂದರು. 1975ರ ಮೇ 9ರಂದು ಮತ್ತೆ ಕಚೇರಿ. ಮರುವರ್ಷದಿಂದ ಫೆಬ್ರವರಿಯಲ್ಲಿ ಆರ್ಗನ್ ಉತ್ಸವ ನಡೆಯುತ್ತ ಬಂದಿದೆ.

ಇಳಿಯುವಾಗ ಲೋಲಾ ಕೇಳಿದರು, “ನಿಮ್ಮ ಇಗರ್ಜಿಯಲ್ಲಿ ಏನಿದೆ?” ಕೀಬೋರ್ಡ್ ಎಂದೆ. ಅದರಲ್ಲಿ ತಬಲಾ ಕೂಡ ಬರುತ್ತದೆ ಎಂದು ಸೇರಿಸಿದೆ. “ಒಳ್ಳೆಯದು” ಎಂದರು. ಅವರು ಸಭ್ಯ ಜನ.

ಊರಿಗೆ ಮರಳಿ ಉಗ್ರಾಣದ ಬಾಗಿಲು ತೆಗೆಸಿದೆ. ಕೊಡೆ ಇತ್ತು, ಹುಲ್ಲು ಇತ್ತು. ಪೆಟ್ಟಿಗೆ ಇರಲಿಲ್ಲ. ನೆಲಕ್ಕೆ ಟೈಲ್ಸ್ ಹಾಕಿಸುವ ಗಡಿಬಿಡಿಯಲ್ಲಿ ಗುಜರಿಯವನು ಒಯ್ದನಂತೆ. ಎಷ್ಟಕ್ಕೆ ಎಂದು ನಾನು ಕೇಳಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಬಾಪ್ಪು ಆಗಲೇ ತೀರಿಕೊಂಡಿದ್ದರು. ಅವರ ಮನೆಗೆ ಹೋದಾಗ ಚಿಕ್ಕಮ್ಮ ಕಾಫಿ ಕೊಟ್ಟು, ಅಟ್ಟದಿಂದ ಬಿಸ್ಕತ್ತಿನ ಒಂದು ಡಬ್ಬಿ ಇಳಿಸಿದರು. “ನಿನಗೇ ಕೊಡಬೇಕೂಂತ ಹೇಳಿದ್ದರು ಮಗಾ.” ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆಯ ನಾಲಿಗೆಗಳು. ಪೆಟ್ಟಿಗೆ ಉಗ್ರಾಣ ಸೇರಿದ ವಾರವೇ ಹೋಗಿ ಕಳಚಿ ತಂದಿದ್ದರಂತೆ. ಒಂದೊಂದಕ್ಕೂ ಚೀಟಿ ಅಂಟಿಸಿ ಸ್ವರದ ಹೆಸರು ಬರೆದಿದ್ದರು, ಮೇಷ್ಟ್ರ ದುಂಡು ಅಕ್ಷರ. ಎಣಿಸಿದೆ: ಐವತ್ತೆಂಟು. ಆ ಹಾರಿಸುವ ಸ್ವರದ್ದೂ ಇದೆ. ಊದಿದರೆ ಸಣ್ಣಗೆ ನುಡಿಯುತ್ತದೆ.

ನಿಮ್ಮ ಊರಿನ ಇಗರ್ಜಿಯ ಉಗ್ರಾಣದಲ್ಲಿ ಅಂಥದೊಂದು ಪೆಟ್ಟಿಗೆ ಬಿದ್ದಿದ್ದರೆ, ತಿದಿ ಹರಿದಿರಲಿ, ಇಲಿ ಗೂಡು ಕಟ್ಟಿರಲಿ, ಗುಜರಿಯವನನ್ನು ಕರೆಯುವ ಮುಂಚೆ ನನಗೊಂದು ಮಾತು ತಿಳಿಸಿ. ನಾಲಿಗೆಗಳು ನನ್ನ ಹತ್ತಿರ ಇವೆ. ಪೆಟ್ಟಿಗೆ ಬೇಕು.