ಲಕ್ಷ್ಮಿನಾ, ಲಕುಮಿನಾ, ಲಕ್ಕಿನಾ?

ಇಂಟರ್ನಲ್ಸ್ ಹಿಂದಿನ ರಾತ್ರಿ ಅಕ್ಕನ ಫೋನು. "ಪಾಪುಗೆ ಅಜ್ಜಿ ಹೆಸರೇ ಇಡೋದು ಅಂತ ಆಗಿದೆ. ಆದ್ರೆ ಹೇಗೆ ಬರೀಬೇಕು ಅನ್ನೋದ್ರಲ್ಲಿ ಜಗಳ. ನೀವಿಬ್ರೂ ಸೇರಿ ಒಂದು ಹೇಳ್ರೋ." ಅಣ್ಣ-ತಂಗಿ ಇಬ್ಬರೂ ಇದೇ ಕಾಲೇಜಿನಲ್ಲಿರೋ ನಮಗೆ ಮನೆಯವರು ಕೊಡೋ ಕೆಲಸ ಅಂದ್ರೆ ಆನ್‌ಲೈನ್ ಅರ್ಜಿ ತುಂಬೋದು. ಈ ಸಲ ಹೆಸರೇ ನಮ್ಮ ತಲೆಗೆ ಬಿತ್ತು.

ಅಜ್ಜಿ ಊರವರ ಬಾಯಲ್ಲಿ ಲಕ್ಕಮ್ಮ. ಪಹಣಿಯಲ್ಲೂ ಲಕ್ಕಮ್ಮ. ಆಧಾರ್‌ನಲ್ಲಿ ಮಾತ್ರ ಲಕ್ಷ್ಮಮ್ಮ. ಅದು ನಮ್ಮದೇ ಘನಕಾರ್ಯ. ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಜ್ಜಿಯ ಫಾರಂ ತುಂಬಿದವರು ನಾವು. ಅವರು "ಲಕ್ಕಮ್ಮ ಅಂತ ಬರೀರಿ ಮಗ" ಅಂದರು. "ಅದು ತಪ್ಪಜ್ಜಿ, ಲಕ್ಷ್ಮಮ್ಮ ಅನ್ಬೇಕು" ಅಂತ ತಿದ್ದಿದೆವು. ಅಜ್ಜಿ ಏನೂ ಅನ್ನಲಿಲ್ಲ. ಅವರು ತೀರಿಕೊಂಡ ಮೇಲೆ ಪೌತಿ ಖಾತೆಗೆ ಹೋದರೆ, ಮರಣ ಪ್ರಮಾಣಪತ್ರದ ಹೆಸರೇ ಬೇರೆ, ಪಹಣಿಯ ಹೆಸರೇ ಬೇರೆ. 'ಲಕ್ಷ್ಮಮ್ಮ ಉರುಫ್ ಲಕ್ಕಮ್ಮ' ಅಂತ ಅಫಿಡವಿಟ್ ಮಾಡಿಸಿಕೊಂಡು ಅಪ್ಪ ತಿಂಗಳುಗಟ್ಟಲೆ ಅಲೆದರು.

ತಪ್ಪು ಅಂದಿದ್ದೆವಲ್ಲ, ಅದು ತಪ್ಪೇ ಅಲ್ಲ. ಪಕ್ಷಿ ಹಕ್ಕಿಯಾದ ಹಾಗೆ, ಯಕ್ಷ ಜಕ್ಕ ಆದ ಹಾಗೆ ಲಕ್ಷ್ಮಿ ಲಕ್ಕಿ ಆಗಿದ್ದಾಳೆ. ಹೈಸ್ಕೂಲಿನಲ್ಲಿ ತತ್ಸಮ-ತದ್ಭವ ಅಂತ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆವು, ಮನೆಯಲ್ಲೇ ಇದ್ದ ತದ್ಭವ ಕಾಣಿಸಿರಲಿಲ್ಲ. 12ನೇ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೇ ಬುದ್ಧಿ ಹೇಳಿದವಳು. ಆ ಹೆಸರನ್ನು ತಿದ್ದೋಕೆ ನಾವ್ಯಾರು?

ಆದರೂ ಅಮ್ಮ "ಸ್ಕೂಲಲ್ಲಿ ನಗ್ತಾರೆ" ಅಂತ ಲಕ್ಕಮ್ಮನಿಗೆ ಒಪ್ಪಲಿಲ್ಲ. ಸರಿ, ಲಕ್ಷ್ಮಿ ಅಂದ್ರೆ? ಭಾವನ ಮನೆ ಬೆಳಗಾವಿ ಕಡೆ. ಅಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಎಕ್ಸ್ ಹಾಕ್ತಾರೆ, ನಮ್ಮ ಹಾಸನದ ಕಡೆ ಕೆ-ಎಸ್-ಎಚ್. ಕನ್ನಡದಲ್ಲೂ ತಕರಾರು: ಕೊನೆಗೆ ಗುಡಿಸು ಸಾಕಾ, ದೀರ್ಘ ಬೇಕಾ? ಸಂಸ್ಕೃತದ ನದೀ ಕನ್ನಡದಲ್ಲಿ ನದಿ ಆಗುವಂತೆ ಲಕ್ಷ್ಮೀ ಕೂಡ ಲಕ್ಷ್ಮಿ ಆಗುತ್ತೆ, ಲಕ್ಷ್ಮೀದೇವಿ ಅಂತ ಸಮಾಸವಾದರೆ ದೀರ್ಘ ಉಳಿಯುತ್ತೆ. ಓದುವವರಿಗೆ ಎರಡೂ ಒಂದೇ. ಕೋಡ್ ಬರೆಯೋ ನಮಗೆ ಗೊತ್ತು, ಎರಡು ಸ್ಟ್ರಿಂಗ್ ಹೋಲಿಸಿದರೆ ಕಂಪ್ಯೂಟರ್ ಹೇಳೋದು 'ಫಾಲ್ಸ್'. ಅಪ್ಪನ ಚಪ್ಪಲಿ ಸವೆದದ್ದು ಆ 'ಫಾಲ್ಸ್'ನಿಂದಲೇ.

ಮಗುವಿನ ಜನನ ನೋಂದಣಿ ಹೆಸರಿಲ್ಲದೆಯೇ ಆಗಿತ್ತು. ವರ್ಷದೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆದ್ದರಿಂದ ಆತುರಪಡದೆ ಯೋಚಿಸಿ ಕಡೆಗೆ ಹೇಳಿದೆವು: ಲಕುಮಿ. ದಾಸರ ಪದಗಳಲ್ಲಿ ಇರೋ ರೂಪ, ಅಮ್ಮನಿಗೆ ಸಮಾಧಾನ. ಎಕ್ಸೂ ಇಲ್ಲ, ಎಸ್-ಎಚ್ಚೂ ಇಲ್ಲ, ಭಾವನಿಗೂ ಸಮಾಧಾನ. ಒತ್ತಕ್ಷರವೇ ಇಲ್ಲ, ಫಾರಂ ತುಂಬುವವರು ಎಡವೋದು ಕಮ್ಮಿ.

ನಾಮಕರಣದ ದಿನ ಎಲ್ಲರೂ ಮಗುವಿನ ಕಿವಿಯಲ್ಲಿ "ಲಕುಮಿ" ಅಂದರು. ಅಜ್ಜನ ಸರದಿ ಬಂತು. ಅವರು ಬಗ್ಗಿ, ಮೆಲ್ಲಗೆ "ಲಕ್ಕೀ" ಅಂದರು.

ಈ ಸಲ ನಾವು ತಿದ್ದಲಿಲ್ಲ.