ಓಡೈಬಾದಲ್ಲಿ ಬಲಾಬಲದ ಲೆಕ್ಕ

ಟೋಕಿಯೊದ ಶಿಂಬಾಶಿಯಲ್ಲಿ ಯುರಿಕಾಮೊಮೆ ರೈಲು ಹತ್ತಿದ ಕೂಡಲೇ ಮೊಮ್ಮಗ ನನ್ನನ್ನು ಎಳೆದುಕೊಂಡು ಹೋಗಿ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂರಿಸಿದ. ಈ ರೈಲಿಗೆ ಡ್ರೈವರ್ ಇಲ್ಲ. ದಾರಿಯೆಲ್ಲ ನಮ್ಮ ಕಣ್ಣೆದುರೇ ತೆರೆದುಕೊಳ್ಳುತ್ತದೆ. ರೈಲು ದೊಡ್ಡದೊಂದು ಸುತ್ತು ಹಾಕಿ ರೇನ್‌ಬೋ ಸೇತುವೆ ಏರಿತು. ನಾನು ಕೆಳಗಿನ ಸಮುದ್ರ ನೋಡುತ್ತಿದ್ದರೆ, ಅವನು ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದ.

“ತಾತ, ನಿಂದು ಪವರ್ ಲೆವೆಲ್ 5!”

ಇದು ‘ಡ್ರ್ಯಾಗನ್ ಬಾಲ್ ಝೆಡ್’ ಎಂಬ ಜಪಾನಿ ಕಾರ್ಟೂನಿನ ಲೆಕ್ಕ. ಅದರಲ್ಲಿ ‘ಸ್ಕೌಟರ್’ ಅಂತ ಒಂದು ಯಂತ್ರ. ಕಿವಿಗೆ ಸಿಕ್ಕಿಸಿಕೊಂಡರೆ ಕಣ್ಣ ಮುಂದಿನ ಗಾಜಿನಲ್ಲಿ ಎದುರಾಳಿಯ ಬಲ ಅಂಕಿಯಲ್ಲಿ ಮೂಡುತ್ತದೆ. ಆಕಾಶದಿಂದ ಇಳಿದ ರಾಡಿಟ್ಜ್ ಎಂಬ ಖಳ ಭೂಮಿಯಲ್ಲಿ ಮೊದಲು ಅಳೆದದ್ದು ಕೋವಿ ಹಿಡಿದ ಒಬ್ಬ ರೈತನನ್ನು. ಅವನಿಗೆ ಬಂದದ್ದು 5. ನನಗೂ ಅಷ್ಟೇ!

ಬ್ಯಾಂಕಿನಲ್ಲಿ ಸವೆದ ಜೀವ, ಅಂಕಿ ಕಂಡರೆ ಬಿಡುತ್ತದೆಯೇ? ಜೇಬಿನ ಪುಸ್ತಕ ತೆಗೆದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ. ನಾಯಕ ಗೋಕುವಿನ ಬಲ 334. ಭಾರದ ಬಟ್ಟೆ ಕಳಚಿಟ್ಟರೆ 416. ಮುಂದೆ ಬರುವ ಫ್ರೀಜಾ ತನ್ನದು 5,30,000 ಎಂದು ತಾನೇ ಹೇಳಿಕೊಳ್ಳುತ್ತಾನೆ. ಒಮ್ಮೆ ರೂಪ ಬದಲಿಸಿದರೆ ಹತ್ತು ಲಕ್ಷ ದಾಟುತ್ತಾನೆ! ಕೊನೆಗೆ ಗೋಕು ‘ಸೂಪರ್ ಸೈಯನ್’ ಆಗಿ ಹೊಂಗೂದಲು ತಳೆದಾಗ ಬಲ 50 ಪಟ್ಟು. ಕಥೆಯ ಕೈಪಿಡಿಯ ಪ್ರಕಾರ 30 ಲಕ್ಷ ಗುಣಿಸು 50, ಅಂದರೆ 15 ಕೋಟಿ. ಪೂರ್ಣಬಲದ ಫ್ರೀಜಾ 12 ಕೋಟಿ. ಲೆಕ್ಕ ತಾಳೆಯಾಯಿತು, ಗೋಕು ಗೆದ್ದ.

ಆ ಹೊಂಗೂದಲಿನ ಹಿಂದೆ ಒಂದು ತಮಾಷೆಯಿದೆ. ಚಿತ್ರಕಾರ ಅಕಿರಾ ತೋರಿಯಾಮಾ 1984ರಿಂದ 1995ರವರೆಗೆ ವಾರಪತ್ರಿಕೆಯಲ್ಲಿ ಈ ಕಥೆ ಬಿಡಿಸಿದರು. ಗೋಕುವಿನ ಕೂದಲಿಗೆ ಪ್ರತಿ ವಾರ ಕಪ್ಪು ಶಾಯಿ ತುಂಬುವುದೇ ಸಹಾಯಕನಿಗೆ ದೊಡ್ಡ ಕೆಲಸವಾಗಿತ್ತು. ಬಣ್ಣ ತುಂಬದೆ ಬಿಟ್ಟರೆ ಕೆಲಸ ಉಳಿಯಿತು, ಹೊಸ ರೂಪವೂ ಹುಟ್ಟಿತು!

ಓಡೈಬಾದಲ್ಲಿ ಇಳಿದರೆ ಎದುರಿಗೇ ಫ್ಯೂಜಿ ಟಿವಿಯ ಕಟ್ಟಡ. ಮೇಲ್ಗಡೆ ಬೆಳ್ಳಿಯಂತೆ ಹೊಳೆಯುವ ದೊಡ್ಡ ಗೋಳ. ಈ ಕಾರ್ಟೂನ್ ಪ್ರಸಾರ ಮಾಡಿದ್ದು ಇದೇ ವಾಹಿನಿ. ಆ ಗೋಳವೂ ಒಂದು ಡ್ರ್ಯಾಗನ್ ಬಾಲ್ ಎಂಬುದು ನಮ್ಮ ಹುಡುಗನ ವಾದ.

ಅಲ್ಲಿಂದ ಮರಳ ದಂಡೆ ಹಿಡಿದು ‘ಮೂರನೇ ದೈಬಾ’ಕ್ಕೆ ನಡೆದೆವು. ದೈಬಾ ಎಂದರೆ ಫಿರಂಗಿ ಕಟ್ಟೆ. 1853ರಲ್ಲಿ ಅಮೆರಿಕದ ಪೆರ್ರಿ ಕಪ್ಪು ಹಡಗುಗಳೊಂದಿಗೆ ಬಂದಾಗ ಬೆದರಿದ ಆಡಳಿತ, ಸಮುದ್ರದಲ್ಲಿ ಇಂಥ ಕಟ್ಟೆಗಳನ್ನು ಅವಸರದಲ್ಲಿ ಕಟ್ಟಿಸಿತು. ಯುದ್ಧದಲ್ಲಿ ಅವು ಒಂದು ಗುಂಡನ್ನೂ ಹಾರಿಸಲಿಲ್ಲ. 1854ರಲ್ಲಿ ಒಪ್ಪಂದವಾಯಿತು. ಈಗ ಇಲ್ಲಿ ಹುಲ್ಲು, ಕಲ್ಲುಗೋಡೆ, ಓಡಾಡುವ ಮಕ್ಕಳು.

ಗೋಡೆಯ ಮೇಲೆ ಕೂತು ಮೊಮ್ಮಗ ಮೆಲ್ಲಗೆ ಹೇಳಿದ: “ನಂದು 2 ತಾತ. ಸ್ಕೂಲಲ್ಲಿ ಜಪಾನಿ ಅಕ್ಷರದ ಟೆಸ್ಟಲ್ಲಿ ನಾನೇ ಲಾಸ್ಟು.”

ಈ ದೇಶಕ್ಕೆ ಬಂದು ವರ್ಷವಾಗಿಲ್ಲ. ಮಗುವಿನ ಮನಸ್ಸಿನಲ್ಲಿ ಇದು ಕೂತಿದೆಯೆಂದು ನಮಗ್ಯಾರಿಗೂ ತಿಳಿದಿರಲಿಲ್ಲ.

“ಗೋಕುವಿನ ಮಗ ಗೋಹಾನ್‌ನದು ಎಷ್ಟು?” ಎಂದೆ.

“ಅಳುತ್ತಾ ಇರ್ತಾನೆ, ನಾಲ್ಕು ವರ್ಷ ಅಷ್ಟೆ. ಅಪ್ಪನಿಗೆ ಹೊಡೀತಿರೋದು ನೋಡಿ ಸಿಟ್ಟು ಬಂದಾಗ 1307!”

“ಅಪ್ಪನಿಗಿಂತ ಮೂರು ಪಟ್ಟು. ಮೊದಲು ಅವನ ಅಂಕಿ ನೋಡಿದಾಗ ರಾಡಿಟ್ಜ್ ಏನಂದುಕೊಂಡ?”

“ಮೆಷಿನ್ ಕೆಟ್ಟಿದೆ ಅಂತ.”

“ನೋಡು, ಪಾಸ್‌ಬುಕ್ಕಿನಲ್ಲಿರೋದು ಇವತ್ತಿನ ಬಾಕಿ ಮಾತ್ರ ಕಣೋ. ನಾಳೆ ಕಟ್ಟುವ ಜಮೆ ಅದಕ್ಕೆ ಗೊತ್ತಿರಲ್ಲ.”

ಅವನು ಯೋಚಿಸಿದ. ಗೋಕುವಿನ ಗೆಳೆಯರು ಬಲವನ್ನು ಅಡಗಿಸಿ ಬೇಕಾದಾಗ ಹೊರತೆಗೆಯುತ್ತಾರಂತೆ. ಯಂತ್ರ ನಂಬಿದವರೇ ಏಮಾರುತ್ತಾರಂತೆ. ಫ್ರೀಜಾನ ನಂತರ ಕಥೆಯಲ್ಲಿ ಅಂಕಿಗಳೇ ಹೆಚ್ಚು ಕಾಣುವುದಿಲ್ಲವಂತೆ. ಇದೆಲ್ಲ ಅವನೇ ನನಗೆ ಹೇಳಿಕೊಟ್ಟದ್ದು.

ವಾಪಸು ರೈಲಿನಲ್ಲಿ ಮತ್ತೆ ಕಣ್ಣಿಗೆ ಕೈ ಹಿಡಿದ. “ತಾತ, ಈಗ ನಿಂದು 6. ಕೋಟೆ ಹತ್ತಿದೆಯಲ್ಲ.”

“ನಿಂದು?”

ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ನಕ್ಕ. “ಮೆಷಿನ್ ಕೆಟ್ಟಿದೆ, ತಾತ.”